ವಾಟೆ ಇಲ್ಲದಿದ್ದರೆ ಮಾವು, ಮಾವೂ ಇಲ್ಲದಿದ್ದರೆ?

ಕ್ಯಾಸನೂರಿನ ಹೆಸರು ಹೊರಗಿನವರಿಗೆ ಗೊತ್ತಿರುವುದು ಒಂದು ಕಾಯಿಲೆಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಈ ಭಾಗದ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಆಗ ಪತ್ತೆಯಾದ ವೈರಾಣುವಿಗೆ ಊರಿನ ಹೆಸರೇ ಅಂಟಿಕೊಂಡಿತು. ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಅಡುಗೆ ಕುರಿತ ಲೇಖನದಲ್ಲಿ ಇದು ಯಾಕೆ ಬಂತು ಅಂದರೆ, ಕಾಯಿಲೆ ಹರಡುವ ಉಣುಗು ಕಾಡಿನಲ್ಲಿ ಹೆಚ್ಚುವುದು ಸುಮಾರು ಡಿಸೆಂಬರಿನಿಂದ ಮೇ ತನಕ. ನೆಲ್ಲಿಕಾಯಿ, ಅಪ್ಪೆಮಿಡಿ, ಮಾವಿನ ಕುಡಿ, ವಾಟೆಹಣ್ಣು, ಮುರುಗಲು ಒಂದರ ಹಿಂದೆ ಒಂದು ಬರುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಕಾಯಿಲೆಯ ಸುದ್ದಿ ಬಂದ ವರ್ಷ ಕಾಡಿಗೆ ಕಾಲಿಡಬೇಡಿ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ, ಹೋಗಲೇಬೇಕಾದವರಿಗೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ. ಅಂಥ ವರ್ಷ ರಾತ್ರಿಯ ಸಾರಿಗೆ ಕಾಡಿನ ಹುಳಿ ಸಿಗದು. ಇರುವುದರಲ್ಲೇ ಬದಲಿ ಹುಡುಕಬೇಕು.

ಬದಲಿ ಹುಡುಕುವಾಗ ಹೆಚ್ಚಿನವರು ರುಚಿಯನ್ನಷ್ಟೇ ನೋಡುತ್ತಾರೆ. ಹುಣಸೆ ಹುಳಿ, ನಿಂಬೆಯೂ ಹುಳಿ, ಹಾಕಿದರಾಯಿತು ಎಂದು. ಆದರೆ ಒಂದೊಂದು ಸಾಮಾನಿಗೂ ಪಾತ್ರೆಯೊಳಗೆ ಒಂದೊಂದು ಕೆಲಸವಿರುತ್ತದೆ. ಹುಳಿ ಕೊಡುವುದು, ಮಂದ ಮಾಡುವುದು, ಘಮ ಕೊಡುವುದು, ಹಿಟ್ಟನ್ನು ಹಿಡಿದಿಡುವುದು ಹೀಗೆ. ಒಂದೇ ಪದಾರ್ಥ ಎರಡು ಕೆಲಸ ಮಾಡುತ್ತಿದ್ದರೆ ಬದಲಿಯೂ ಎರಡು ಬೇಕಾಗಬಹುದು. ಅದಕ್ಕಿಂತ ಮುಖ್ಯ, ಯಾವ ಹೊತ್ತಿನಲ್ಲಿ ಹಾಕಬೇಕು ಎನ್ನುವುದು.

ಹುಳಿಯಿಂದಲೇ ಶುರು ಮಾಡೋಣ, ಯಾಕೆಂದರೆ ಮಲೆನಾಡಿನ ಊಟದಲ್ಲಿ ಅದರದೇ ಯಜಮಾನಿಕೆ. ಹುಣಸೆಯಲ್ಲಿರುವುದು ಮುಖ್ಯವಾಗಿ ಟಾರ್ಟಾರಿಕ್ ಆಮ್ಲ. ಎಷ್ಟು ಕುದಿಸಿದರೂ ಅದು ಹಾರಿಹೋಗುವುದಿಲ್ಲ, ಕುದಿಸಿದಷ್ಟೂ ಹಸಿವಾಸನೆ ಹೋಗಿ ರುಚಿ ಹದವಾಗುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲವೂ ಕುದಿಗೆ ಹೆದರುವುದಲ್ಲ. ಆದರೆ ನಿಂಬೆಯನ್ನು ನಿಂಬೆ ಮಾಡುವ ಘಮ ಕುದಿಗೆ ಆವಿಯಾಗಿ ಹೋಗುತ್ತದೆ, ಉಳಿಯುವುದು ಬರೀ ಹುಳಿ ಮತ್ತು ಸ್ವಲ್ಪ ಕಹಿ. ಆದ್ದರಿಂದ ಹುಣಸೆಗೆ ನಿಂಬೆ ಬದಲಿ ಎಂದಾದರೆ ಸಾರನ್ನು ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು ಹಿಂಡಬೇಕು. ಮಾವಿನಕಾಯಿ ನೀರಿನಲ್ಲಿ ಬೆಂದು ಕಿವುಚಿದ ಮೇಲೆಯೇ ಹುಳಿ ಬಿಡುತ್ತದೆ. ಅಪ್ಪೆಹುಳಿ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. ಟೊಮೆಟೊ ಈ ಸಾಲಿನಲ್ಲಿ ತೀರ ಸೌಮ್ಯ. ಹುಣಸೆಯ ಹುಳಿ ಬರಬೇಕಾದರೆ ಹಣ್ಣು ಜಾಸ್ತಿ ಹಾಕಬೇಕು, ಆಗ ಸಾರಿನ ಸ್ವಭಾವವೇ ಬದಲಾಗುತ್ತದೆ. ಅರ್ಧ ಟೊಮೆಟೊ, ಅರ್ಧ ಬೇರೆ ಹುಳಿ ಎಂದರೆ ಒಪ್ಪಬಹುದು.

ವಾಟೆಹುಳಿ ಹಲಸಿನ ಜಾತಿಯ ಮರದ ಹಣ್ಣು. ಸೀಳಿ, ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿಟ್ಟರೆ ವರ್ಷಪೂರ್ತಿ ಆಗುತ್ತದೆ. ಬೇಳೆ ಸಾರಿಗೆ ಇದರ ಹುಳಿ ಮೆತ್ತಗೆ ಕೂರುತ್ತದೆ, ಬಣ್ಣ ಕೆಡಿಸುವುದಿಲ್ಲ. ಉಪ್ಪಾಗೆಯದು ಬೇರೆ ಕಥೆ. ಮಳೆಗಾಲದಲ್ಲಿ ಬೀಳುವ ಹಣ್ಣಿನ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುವುದರಿಂದ ಅದು ಕಪ್ಪಾಗಿ, ಹೊಗೆಯ ವಾಸನೆ ಹಿಡಿದಿರುತ್ತದೆ. ಕೇರಳದ ಮೀನು ಸಾರಿಗೆ ಬೀಳುವ ಕೊಡಂಪುಳಿ, ಶ್ರೀಲಂಕಾದವರು ಗೊರಕ ಎಂದು ಮೀನಿಗೆ ಹಚ್ಚುವುದು ಎರಡೂ ಇದೇ ಹಣ್ಣು. ಇದರ ಸಿಪ್ಪೆಯಿಂದ ತೂಕ ಇಳಿಸುವ ಮಾತ್ರೆ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿ 1990ರ ದಶಕದಲ್ಲಿ ಪಶ್ಚಿಮಘಟ್ಟದ ಉಪ್ಪಾಗೆಗೆ ಭಾರಿ ಬೇಡಿಕೆ ಬಂತು. ಹಣ್ಣಾಗುವ ಮೊದಲೇ ಕೊಂಬೆ ಕಡಿದು ಕೊಯ್ದವರೂ ಇದ್ದರು. ಮಾತ್ರೆಯ ಮಾತು ಹಾಗಿರಲಿ, ಸಾರಿಗಂತೂ ಇದು ಒಳ್ಳೆಯ ಹುಳಿ.

ಸೊರಬದ ಕಡೆ ಕೆರೆಗಳಿಗೆ ಬರವಿಲ್ಲ, ಕೆರೆಮೀನಿಗೂ ಇಲ್ಲ. ಆ ಮೀನಿನ ಕೆಸರುವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯಲ್ಲಿ ಇರುವುದೂ ಇದೇ. ಹುಳಿ ತಾಗಿದರೆ ಜಿಯೋಸ್ಮಿನ್ ವಾಸನೆಯಿಲ್ಲದ ಬೇರೆ ರೂಪಕ್ಕೆ ತಿರುಗುತ್ತದೆ. ಹಾಗಾಗಿ ಮೀನು ತೊಳೆಯುವಾಗಲೇ ಹುಣಸೆ ಅಥವಾ ಉಪ್ಪಾಗೆಯ ನೀರು ಸವರಿ ಸ್ವಲ್ಪ ಹೊತ್ತು ಬಿಡುವ ಹಳೆಯ ಪದ್ಧತಿಗೆ ಅರ್ಥವಿದೆ. ಇಲ್ಲಿ ಹುಳಿಯ ಜಾತಿ ಬದಲಿಸಬಹುದು, ಹುಳಿಯನ್ನೇ ಬಿಡುವ ಹಾಗಿಲ್ಲ.

ಅಳತೆಯ ಬಗ್ಗೆ. ನಾಲ್ಕು ಜನರ ಸಾರಿಗೆ ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆ ಹಾಕುವವರು ಅದರ ಬದಲು ಮಧ್ಯಮ ನಿಂಬೆಹಣ್ಣು ಒಂದು, ಇಲ್ಲವೇ ಹುಳಿಮಾವಿನಕಾಯಿ ಅರ್ಧ, ಇಲ್ಲವೇ ಉಪ್ಪಾಗೆಯ ಎರಡು ಸಿಪ್ಪೆಯಿಂದ ಆರಂಭಿಸಿ ನೋಡಿ. ಮಾವಿನ ಮರ ಮರಕ್ಕೂ ಹುಳಿ ಬೇರೆ. ಆದ್ದರಿಂದ ಕಾಯಿಯ ಚೂರು ನಾಲಗೆಗೆ ಹಚ್ಚಿ ನೋಡದೆ ಪಾತ್ರೆಗೆ ಹಾಕಬೇಡಿ. ಉಪ್ಪಾಗೆ ನಿಧಾನಕ್ಕೆ ಬಿಡುವ ಹುಳಿ, ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ ಹಾಕಿ. ಸಿಪ್ಪೆಯನ್ನು ಸಾರಿನಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಇನ್ನಷ್ಟು ಏರಿರುತ್ತದೆ. ಸಾಕೆನಿಸಿದಾಗ ತೆಗೆದಿಡಿ.

ಹೊಸದಾಗಿ ಅಡುಗೆಗೆ ನಿಂತವರು ಎಡವುವ ಜಾಗ ಇನ್ನೊಂದಿದೆ. ಬೇಳೆ ಬೇಯುವ ಮೊದಲೇ ಹುಳಿ ಬಿದ್ದರೆ ಬೇಳೆ ಬೇಯುವುದಿಲ್ಲ. ಬೇಳೆಯ, ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿನೀರಿನಲ್ಲಿ ಬೇಗ ಕರಗದು. ಗಡಸು ನೀರಿನ ಬೋರ್‌ವೆಲ್ ಇರುವ ಮನೆಯಲ್ಲಿ ತೊಗರಿಬೇಳೆ ಸತಾಯಿಸುವುದಕ್ಕೂ ಇಂಥದೇ ಕಾರಣ: ನೀರಿನಲ್ಲಿರುವ ಸುಣ್ಣದಂಶ ಅದೇ ಪೆಕ್ಟಿನ್ನನ್ನು ಬಿಗಿ ಮಾಡುತ್ತದೆ. ಈ ಗುಣವನ್ನೇ ಬೇಕಾದ ಕಡೆ ಉಪಯೋಗಿಸಿಕೊಳ್ಳಬಹುದು. ಗೊಜ್ಜಿನ ಬೆಂಡೆಕಾಯಿ ಹೋಳು ಕರಗದೆ ಇಡಿಯಾಗಿ ನಿಲ್ಲಬೇಕೆಂದರೆ ಹುಳಿಯನ್ನು ಬೇಗ ಹಾಕಿ, ಲೋಳೆಯೂ ಕಡಿಮೆಯಾಗುತ್ತದೆ.

ಇನ್ನು ಮಜ್ಜಿಗೆ. ಇದರ ಹುಳಿ ಲ್ಯಾಕ್ಟಿಕ್ ಆಮ್ಲದ್ದು. ಬರೀ ಮಜ್ಜಿಗೆ ಕುದಿಸಿದರೆ ಒಡೆದು ಕಾಳುಕಾಳಾಗುವುದು ಅದರಲ್ಲಿರುವ ಹಾಲಿನ ಪ್ರೋಟೀನು ಬಿಸಿಗೆ ಗಂಟುಕಟ್ಟುವುದರಿಂದ. ಮಜ್ಜಿಗೆಹುಳಿಗೆ ಕಾಯಿಯ ಜೊತೆ ಒಂದು ಚಮಚ ನೆನೆಸಿದ ಅಕ್ಕಿ ರುಬ್ಬುತ್ತಾರಲ್ಲ, ಆ ಪಿಷ್ಟ ಪ್ರೋಟೀನಿನ ಕಣಗಳ ನಡುವೆ ಸೇರಿಕೊಂಡು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಅಕ್ಕಿ ಇಲ್ಲದಿದ್ದರೆ ಕಡಲೆಹಿಟ್ಟು, ಜೋಳದ ಹಿಟ್ಟು ಯಾವುದಾದರೂ ಸರಿ. ಹಾಕಿದ ಮೇಲೆ ಉರಿ ಸಣ್ಣದು ಮಾಡಿ, ಸೌಟು ಆಡಿಸುತ್ತಲೇ ಇರಿ, ಉಕ್ಕು ಬರುವ ಹೊತ್ತಿಗೆ ಇಳಿಸಿ. ತಂಬುಳಿಗೆ ಈ ರಗಳೆಯೇ ಇಲ್ಲ, ಅದನ್ನು ಕುದಿಸುವುದಿಲ್ಲ. ಕಾಡಿನ ಕುಡಿ ಸಿಗದ ದಿನ ಹಿತ್ತಲ ದೊಡ್ಡಪತ್ರೆ, ಒಂದೆಲಗ, ಯಾವುದೂ ಇಲ್ಲದಿದ್ದರೆ ತುಪ್ಪದಲ್ಲಿ ಹುರಿದ ಜೀರಿಗೆ-ಮೆಂತ್ಯ ಸಾಕು. ಈಗ ಸೊರಬ, ಶಿಕಾರಿಪುರದಲ್ಲಿ ಶುಂಠಿ ಬೆಳೆಯುವವರು ಬಹಳ. ಒಂದಿಂಚು ಶುಂಠಿಯ ತಂಬುಳಿ ಮಾಡುವ ಮನೆ ಮಾತ್ರ ಅಷ್ಟಿಲ್ಲ ಎಂಬುದು ನನ್ನ ತಕರಾರು.

ತೆಂಗಿನಕಾಯಿಗೆ ಬದಲಿ ಹುಡುಕುವ ಕಾಲ ಬಂದಿದೆ. 2025ರಲ್ಲಿ ಕಾಯಿಯ ದರ ಏರಿದ ಏರಿಕೆಯನ್ನು ಯಾವ ಮನೆಯೂ ಮರೆತಿರಲಾರದು. ತೆಂಗು ಸಾರಿನಲ್ಲಿ ಎರಡು ಕೆಲಸ ಮಾಡುತ್ತದೆ: ಮಂದ ಮಾಡುತ್ತದೆ, ಜಿಡ್ಡಿನಿಂದ ಖಾರ-ಹುಳಿಯ ಚೂಪು ತಗ್ಗಿಸುತ್ತದೆ. ಹುರಿಗಡಲೆ ಹಾಕಿದರೆ ಮಂದವಷ್ಟೇ ಬರುತ್ತದೆ, ಜಿಡ್ಡು ಬಾರದು, ತುಪ್ಪದ ಒಗ್ಗರಣೆ ಮುಂದೆ ಮಾಡಬೇಕು. ಶೇಂಗಾ, ಎಳ್ಳು, ಗುರೆಳ್ಳು ಎರಡನ್ನೂ ಕೊಡುತ್ತವೆ, ಜೊತೆಗೆ ತಮ್ಮ ವಾಸನೆಯನ್ನೂ ತರುತ್ತವೆ. ಬದನೆಕಾಯಿ, ಹೀರೆಕಾಯಿಗೆ ಅದು ಒಗ್ಗುತ್ತದೆ, ಸೌತೆಕಾಯಿ ಹುಳಿಗೆ ಒಗ್ಗದು. ಅರ್ಧ ಕಾಯಿ ಉಳಿಸಿ ಅರ್ಧ ಹುರಿಗಡಲೆ ಸೇರಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಸುಖದ ದಾರಿ. ಶಿರಾಳಕೊಪ್ಪದಿಂದ ಆಚೆ ಬಯಲು ಸೀಮೆಯ ಗಾಳಿ ಬೀಸುವ ಮನೆಗಳಲ್ಲಿ ಗುರೆಳ್ಳು, ಶೇಂಗಾ ಚಟ್ನಿಪುಡಿ ಮೊದಲಿನಿಂದಲೂ ಇದೆ. ಸೊರಬ, ಶಿಕಾರಿಪುರ ಈ ಎರಡು ತಾಲ್ಲೂಕಿನ ಭಾಗ್ಯ ಅದು: ಒಂದು ಕಡೆ ಮಲೆನಾಡಿನ ಡಬ್ಬಿ, ಇನ್ನೊಂದು ಕಡೆ ಬಯಲಿನ ಡಬ್ಬಿ, ನಡುವೆ ಒಂದು ಗಂಟೆಯ ಬಸ್ಸು.

ಮೆಣಸಿನಕಾಯಿಯಲ್ಲಿಯೂ ಕೆಲಸ ಎರಡು. ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬ್ಯಾಡಗಿ ಮುಗಿದು ಗುಂಟೂರು ಹಾಕುವಾಗ ಸಂಖ್ಯೆಯನ್ನು ಮೂರನೇ ಒಂದಕ್ಕೆ ಇಳಿಸಿ. ಮೆಣಸಿನ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಸಣ್ಣ ಉರಿಯಲ್ಲಿ ಎಣ್ಣೆಗೆ ಬಿಟ್ಟು ಹುರಿದರೆ ಕಡಿಮೆ ಕಾಯಿಯಲ್ಲೇ ಬಣ್ಣ ಸಿಗುತ್ತದೆ.

ರೊಟ್ಟಿಯ ಹಿಟ್ಟು ಬದಲಿಸುವುದು ಜನ ಅಂದುಕೊಂಡಿರುವುದಕ್ಕಿಂತ ಸುಲಭ. ಅಕ್ಕಿ, ಜೋಳ, ರಾಗಿ, ಮೆಕ್ಕೆಜೋಳ ಯಾವುದರಲ್ಲೂ ಗೋಧಿಯ ಜಿಗುಟು ಇಲ್ಲ. ಅವನ್ನು ಹಿಡಿದಿಡುವುದು ಬೆಂದ ಪಿಷ್ಟ. ಆದ್ದರಿಂದಲೇ ಕುದಿಯುವ ನೀರಿಗೆ ಹಿಟ್ಟು ಸುರಿದು, ಮುಚ್ಚಿಟ್ಟು, ಬಿಸಿ ಆರುವ ಮೊದಲು ನಾದುವುದು. ಶಿಕಾರಿಪುರ, ಸೊರಬದ ಮಳೆಯಾಶ್ರಿತ ಹೊಲಗಳನ್ನು ಮೆಕ್ಕೆಜೋಳ ಆವರಿಸಿಕೊಂಡಿದೆ, ಕೊಯ್ದ ಕಾಳು ಹೆಚ್ಚಾಗಿ ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ. ಒಂದಿಷ್ಟನ್ನು ಗಿರಣಿಗೆ ಹಾಕಿ ನುಣ್ಣಗೆ ಬೀಸಿಸಿ, ಮೂರು ಪಾಲು ಅಕ್ಕಿ ಹಿಟ್ಟಿಗೆ ಒಂದು ಪಾಲು ಸೇರಿಸಿದರೆ ರೊಟ್ಟಿಗೆ ಸಿಹಿಮೈ ಬರುತ್ತದೆ. ಮೆಕ್ಕೆಜೋಳ ನೀರು ನಿಧಾನಕ್ಕೆ ಕುಡಿಯುವುದರಿಂದ ಹತ್ತು ನಿಮಿಷ ಹೆಚ್ಚು ಮುಚ್ಚಿಡಿ. ಅರ್ಧಕ್ಕರ್ಧ ಹಾಕಿದರೆ ರೊಟ್ಟಿ ತಟ್ಟುವಾಗಲೇ ಅಂಚು ಬಿರಿಯುತ್ತದೆ. ಆಗ ರಾತ್ರಿ ಉಳಿದ ಅನ್ನವನ್ನು ಒಂದು ಹಿಡಿ ಮಸೆದು ಸೇರಿಸಿ.

ಬೇಳೆಯ ಮಾತು ಸ್ವಲ್ಪ. ತೊಗರಿ ನಮ್ಮ ಕಡೆಯದಲ್ಲ, ಕಲಬುರಗಿ ಸೀಮೆಯದು. ಹೆಸರುಬೇಳೆ ಅರ್ಧ ಹೊತ್ತಿಗೆ ಬೇಯುತ್ತದೆ, ಆದರೆ ಕರಗಿ ಗಂಜಿಯಂತಾಗುವುದರಿಂದ ನೀರು ಹೆಚ್ಚು ಬೇಕು, ಹುಣಸೆಗಿಂತ ನಿಂಬೆ ಹೊಂದುತ್ತದೆ. ಹುರುಳಿ ಕಟ್ಟು ಹಾಕಿದರೆ ಸಾರು ಬೇರೆಯೇ ಆಗುತ್ತದೆ. ಅದಕ್ಕೆ ಬೆಳ್ಳುಳ್ಳಿ, ಕಾಳುಮೆಣಸು ಮುಂದಾಗಲಿ, ತೊಗರಿ ಸಾರಿನ ಪುಡಿ ಹಾಕಿ ಒದ್ದಾಡಬೇಡಿ.

ಬದಲಿಸಬಾರದ ಸಂಗತಿಗಳೂ ಇವೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಗಂಟಲು ತುರಿಸುವುದು ಅದರಿಂದ. ಕರಕಲಿಗೆ ಹುಣಸೆಯ ಬದಲು ವಾಟೆ ಹಾಕಿ, ಅಮಟೆಕಾಯಿ ಹಾಕಿ, ಆದರೆ ಹುಳಿ ಕಡಿಮೆ ಮಾಡುವುದು, ಬೇಯಿಸುವ ಹೊತ್ತು ಉಳಿಸುವುದು ಬೇಡ. ಕಳಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ ಚೆನ್ನಾಗಿ ಬೇಯಿಸುವ ಕ್ರಮಕ್ಕೆ ಅಡ್ಡದಾರಿ ಇಲ್ಲ. ಅಷ್ಟು ದಿನ ಕಾಯಲಾಗದಿದ್ದರೆ ಬಾಳೆದಿಂಡಿನ ಪಲ್ಯ ಮಾಡಿ, ಗರಿಗರಿ ಅದರಲ್ಲೂ ಇದೆ. ಗುರುತು ಸಿಗದ ಅಣಬೆಗೆ ಯಾವ ಅಣಬೆಯ ಹೆಸರೂ ಕೊಡಬೇಡಿ. ಹುಳಿ ಪದಾರ್ಥವನ್ನು ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕುದಿಸಬೇಡಿ.

ಮಾರ್ಚ್ ತಿಂಗಳ ಒಂದು ರಾತ್ರಿಯ ಲೆಕ್ಕ ಹಾಕಿ ನೋಡೋಣ. ತೊಗರಿ ತಳ ಕಂಡಿದೆ, ಕಾಯಿ ಅರ್ಧ ಹೋಳು, ಕಾಡಿನ ಕಡೆ ಹೋಗುವ ಹಾಗಿಲ್ಲ. ಹೆಸರುಬೇಳೆ ಬೇಯಲು ಇಡಿ. ಅಂಗಳದ ಮಾವಿನಕಾಯಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಕಿವುಚಿ, ಬೇಳೆ ಕರಗಿದ ಮೇಲಷ್ಟೇ ಸೇರಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಕಾಯಿಯನ್ನು ಸಾರಿಗೆ ಖರ್ಚು ಮಾಡದೆ ದೊಡ್ಡಪತ್ರೆ ತಂಬುಳಿಗೆ ಇಡಿ, ಅಲ್ಲಿ ಅದರ ರುಚಿ ಕಾಣುತ್ತದೆ. ಬೆಳಿಗ್ಗೆಯ ಅನ್ನ ಮಿಕ್ಕಿದ್ದರೆ ರೊಟ್ಟಿಯ ಹಿಟ್ಟಿಗೆ. ಮಾವಿನಕಾಯಿ ಇಲ್ಲದೆ ಅಟ್ಟದ ಉಪ್ಪಾಗೆಗೆ ಕೈ ಹಾಕಿದಿರಾದರೆ ಉಪ್ಪನ್ನು ಕೊನೆಗೆ, ರುಚಿ ನೋಡಿ ಹಾಕಿ. ಹುಳ ಹಿಡಿಯದಿರಲೆಂದು ಕೆಲವರು ಸಿಪ್ಪೆಗೆ ಮೊದಲೇ ಉಪ್ಪು ಸವರಿ ಒಣಗಿಸಿರುತ್ತಾರೆ.