ಅಂಬಾಸಿಡರ್ ಮೇಲೋ, ಪದ್ಮಿನಿ ಮೇಲೋ?

ಹಳೆಯ ಕಾರುಗಳ ಮಾತು ಬಂತೆಂದರೆ ಸಂಘದ ನಾವೆಲ್ಲ ಎರಡು ಪಕ್ಷವಾಗಿಬಿಡುತ್ತೇವೆ: ಅಂಬಾಸಿಡರ್ ಪಕ್ಷ, ಫಿಯಟ್ ಪಕ್ಷ. ಇದು ಬರಿಯ ಹರಟೆಯೇನಲ್ಲ. ನಮ್ಮಲ್ಲಿ ಕೆಲವರ ಊರಮನೆಯ ಶೆಡ್ಡಿನಲ್ಲಿ ತಂದೆಯವರ ಕಾರು ಇನ್ನೂ ನಿಂತಿದೆ. ಇಟ್ಟುಕೊಳ್ಳುವುದೋ, ಗುಜರಿಗೆ ಹಾಕುವುದೋ ಎಂದು ಊರಿನವರು ಕೇಳುತ್ತಾರೆ. ಉತ್ತರ ಬರೆಯುವ ಮೊದಲು ಎರಡರ ಗುಣದೋಷಗಳನ್ನು ತೂಗಿ ನೋಡೋಣ.

ಅಂಬಾಸಿಡರಿನ ತವರು ನಾವೀಗ ನೆಲಸಿರುವ ಬ್ರಿಟನ್ನೇ. ಆಕ್ಸ್‌ಫರ್ಡಿನ ಕೌಲಿಯಲ್ಲಿ 1956ರಿಂದ 1959ರವರೆಗೆ ತಯಾರಾದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯೇ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ಬಾಳಿತು. ಪದ್ಮಿನಿ ಇಟಲಿಯ ಫಿಯಟ್ 1100ರ ಮಗಳು. ಮುಂಬಯಿಯ ಕುರ್ಲಾದಲ್ಲಿ ಬೆಳೆದವಳು. 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂದರೂ ನಮ್ಮವರ ಬಾಯಲ್ಲಿ ಅದು ಫಿಯಟ್ಟಾಗಿಯೇ ಉಳಿಯಿತು.

ಎರಡರಲ್ಲೂ ಎಂಜಿನ್ ಮುಂದೆ. ಉದ್ದನೆಯ ಶಾಫ್ಟೊಂದು ತಿರುಗಿ ಹಿಂದಿನ ಚಕ್ರಗಳನ್ನು ನಡೆಸುತ್ತದೆ. ಹಿಂದಿನ ಸೀಟಿನಲ್ಲಿ ಅಜ್ಜಿ, ಅತ್ತೆ, ಮಕ್ಕಳು, ಡಿಕ್ಕಿಯಲ್ಲಿ ಅಕ್ಕಿಮೂಟೆ, ಟ್ರಂಕು. ಈ ಭಾರದ ಬಹುಪಾಲು ಕಾರನ್ನು ನಡೆಸುವ ಚಕ್ರಗಳ ಮೇಲೆಯೇ ಬೀಳುವುದರಿಂದ ಘಾಟಿ ಏರುವಾಗ ಹಿಡಿತ ಬಿಗಿಯಾಗುತ್ತದೆ. ಖಾಲಿ ಕಾರು ಕೆಸರಿಗಿಳಿದರೆ ಮಾತ್ರ ಅದೇ ಚಕ್ರಗಳು ಸುಮ್ಮನೆ ಗಿರಗಿರ ತಿರುಗುತ್ತವೆ! ಹಳೆಯ ಮಾದರಿಗಳಲ್ಲಿ ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದೆಯೂ ಮೂವರು ಕೂರಬಹುದಿತ್ತು.

ಇನ್ನು ಭೇದ. ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ. ಹಳೆಯ ಪೆಟ್ರೋಲ್ ಎಂಜಿನ್ 1489 ಸಿ.ಸಿ. ಹಳ್ಳದಿಣ್ಣೆಗೆ ಜಗ್ಗದು, ಕುಟುಂಬ ಎಷ್ಟು ದೊಡ್ಡದಾದರೂ ಇಲ್ಲವೆನ್ನದು. ಆದರೆ ಸಂದಿಯಲ್ಲಿ ತಿರುಗಿಸುವಾಗ ತೋಳು ನೋಯುತ್ತದೆ. ಪದ್ಮಿನಿ 3.9 ಮೀಟರ್, 1089 ಸಿ.ಸಿ.; ಹಗುರ, ಚುರುಕು. ಪೇಟೆಯಲ್ಲಿ ತಾವೇ ಓಡಿಸುವ ಡಾಕ್ಟರು, ವಕೀಲರಿಗೆ ಒಪ್ಪುವಂಥದು. ಮುಂಬಯಿಯ ಟ್ಯಾಕ್ಸಿಯಾಗಿ 2023ರ ಅಕ್ಟೋಬರಿನವರೆಗೂ ದುಡಿಯಿತು.

ಎರಡನ್ನೂ ಹಿಂದೆ ಹಾಕಿದ್ದು 1983ರ ಕೊನೆಯಲ್ಲಿ ಬಂದ ಮಾರುತಿ 800. ಅದರಲ್ಲಿ ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಉದ್ದನೆಯ ಶಾಫ್ಟಿಲ್ಲ, ಅದಕ್ಕಾಗಿ ನೆಲದ ನಡುವೆ ಏಳುವ ದಿಬ್ಬವೂ ಇಲ್ಲ.

ಹಾಗಾದರೆ ಯಾವುದನ್ನು ಉಳಿಸಬೇಕು? ಬಿಡಿಭಾಗದ ಮಟ್ಟಿಗೆ ಇಲ್ಲಿರುವ ನಮಗೆ ಅಂಬಾಸಿಡರೇ ಸುಲಭ. ಅದರ 1489 ಸಿ.ಸಿ. ಎಂಜಿನ್ ಇಲ್ಲಿನ ಎಂ.ಜಿ. ಸ್ಪೋರ್ಟ್ಸ್ ಕಾರುಗಳ ಎಂಜಿನ್ನಿನ ದಾಯಾದಿ. ಆದರೂ ಮೊದಲು ನೋಡಬೇಕಾದ್ದು ಎಂಜಿನ್ನನ್ನಲ್ಲ, ನೆಲದ ತಗಡನ್ನು. ಈ ಕಾರುಗಳಿಗೆ ಬೇರೆ ಚಾಸಿಯಿಲ್ಲ, ಮೈಯೇ ಬೆನ್ನೆಲುಬು. ಬಾಗಿಲ ಕೆಳಗಿನ ಅಂಚು ತುಕ್ಕು ತಿಂದಿದ್ದರೆ ಖರ್ಚು ಕೈಮೀರುತ್ತದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದೂ ನೆನಪಿರಲಿ.

ಎಲ್ಲಕ್ಕಿಂತ ಮುಖ್ಯ, ಊರಿನಲ್ಲಿ ವಾರಕ್ಕೊಮ್ಮೆಯಾದರೂ ಓಡಿಸುವವರು ಬೇಕು. ನಿಂತ ಕಾರು ನಿಂತಲ್ಲೇ ಹಾಳು. ಓಡಿಸುವವರು ಮನೆಯಲ್ಲಿಲ್ಲದಿದ್ದರೆ, ಅಕ್ಕರೆಯಿಂದ ಓಡಿಸುವ ಬೇರೊಬ್ಬರ ಕೈಗೆ ಒಪ್ಪಿಸುವುದೇ ಆ ಕಾರಿಗೂ ಅದನ್ನು ಕೊಂಡ ಹಿರಿಯರಿಗೂ ನಾವು ತೋರುವ ಗೌರವವೆಂದು ನಮ್ಮ ಅಭಿಪ್ರಾಯ.