ಸಮುದ್ರವಿಲ್ಲದ ಸಕಲೇಶಪುರದಲ್ಲಿ ಟ್ರೇಲರ್ ಚಕ್ರಕ್ಕೆ ಉಪ್ಪಿನ ತುಕ್ಕು ಹಿಡಿಯುವುದು ಹೇಗೆ?

ಉಪ್ಪುನೀರಿನ ತುಕ್ಕು ಎಂದರೆ ನಮಗೆ ನೆನಪಾಗುವುದು ಮಲ್ಪೆ, ಮಂಗಳೂರಿನ ಕಡಲತೀರ. ದೋಣಿಯನ್ನು ಟ್ರೇಲರ್ ಮೇಲಿಟ್ಟು ಸಮುದ್ರಕ್ಕೆ ಇಳಿಸುವಾಗ ಚಕ್ರವೂ ಮುಳುಗುತ್ತದೆ. ಹಾಗೇ ಬಿಟ್ಟರೆ ರಿಮ್, ನಟ್ಟು, ಬೇರಿಂಗ್ ಎಲ್ಲವೂ ಬೇಗ ಹಾಳಾಗುತ್ತವೆ. ಆದರೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಸಕಲೇಶಪುರದ ಕಾಫಿ ತೋಟಗಳಲ್ಲಿ, ಪಕ್ಕದ ಆಲೂರಿನಲ್ಲಿ ಗೊಬ್ಬರ ಸಾಗಿಸುವ ಟ್ರ್ಯಾಕ್ಟರ್ ಟ್ರೇಲರ್‌ಗೂ ಇದೇ ಪಾಡು ಬರಬಹುದು. "ಮಲೆನಾಡಿನ ಮಳೆ, ಏನು ಮಾಡೋಕಾಗುತ್ತೆ" ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ತಪ್ಪೆಲ್ಲ ಮಳೆಯದ್ದಲ್ಲ.

ಉಪ್ಪು ಬರುವುದು ಎಲ್ಲಿಂದ?

ಗೊಬ್ಬರದ ಚೀಲದಿಂದ. ನಾವು ಪೊಟ್ಯಾಷ್ ಎಂದು ಕರೆಯುವ ಮ್ಯುರಿಯೇಟ್ ಆಫ್ ಪೊಟ್ಯಾಷ್ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಎರಡರಲ್ಲೂ ಕಬ್ಬಿಣಕ್ಕೆ ಶತ್ರು ಒಂದೇ, ಅದು ಕ್ಲೋರೈಡ್. 50 ಕೆ.ಜಿ. ಪೊಟ್ಯಾಷ್ ಚೀಲದಲ್ಲಿ 20 ಕೆ.ಜಿ.ಗೂ ಹೆಚ್ಚು ಕ್ಲೋರೈಡ್ ಇರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಇರುವುದು ಸುಮಾರು 19 ಗ್ರಾಂ. ಅಂದರೆ ಒಂದೇ ಚೀಲದಲ್ಲಿ ಸಾವಿರ ಲೀಟರ್ ಸಮುದ್ರದ ನೀರಿಗೆ ಸಮನಾದ ಕ್ಲೋರೈಡ್ ಇದೆ! ಹರಿದ ಚೀಲದಿಂದ ಚೆಲ್ಲಿದ ಒಂದು ಹಿಡಿ ಪುಡಿ ರಿಮ್‌ನ ಸಂದಿಯಲ್ಲಿ ಕೂತರೂ ಸಾಕು.

ಈ ಪುಡಿಗೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವೂ ಇದೆ. ಗಾಳಿಯ ತೇವಾಂಶ ಶೇ 80 ದಾಟಿದರೆ ಪೊಟ್ಯಾಷ್ ತಾನಾಗಿ ನೀರೊಡೆಯಲು ಶುರುವಾಗುತ್ತದೆ. ಯೂರಿಯಾ ಜೊತೆ ಬೆರೆತರೆ ಇನ್ನೂ ಕಡಿಮೆ ತೇವಾಂಶಕ್ಕೇ ಕರಗುತ್ತದೆ. ಹಾಗಾಗಿ ಮಳೆ ಬೀಳದ ದಿನವೂ, ಮಂಜು ಕವಿದ ಬೆಳಿಗ್ಗೆ, ಶೆಡ್ಡಿನೊಳಗೆ ನಿಂತ ಟ್ರೇಲರಿನ ಚಕ್ರ ಉಪ್ಪುನೀರಿನಲ್ಲಿ ನೆನೆಯುತ್ತಿರುತ್ತದೆ.

ಉಪ್ಪು ಕಬ್ಬಿಣಕ್ಕೆ ಮಾಡುವುದೇನು?

ತುಕ್ಕು ಹಿಡಿಯಲು ಕಬ್ಬಿಣ, ನೀರು, ಆಮ್ಲಜನಕ ಈ ಮೂರಿದ್ದರೆ ಸಾಕು. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕಿನ ಕ್ರಿಯೆ ವೇಗ ಪಡೆಯುತ್ತದೆ. ಕ್ಲೋರೈಡ್ ಲೋಹದ ಮೇಲಿನ ತೆಳು ರಕ್ಷಣಾ ಪದರವನ್ನು ಅಲ್ಲಲ್ಲಿ ಒಡೆದು ಕುಳಿ ತೋಡುತ್ತದೆ. ಮುಖ್ಯವಾದ ಸಂಗತಿ ಏನೆಂದರೆ, ಈ ಕ್ರಿಯೆಯಲ್ಲಿ ಕ್ಲೋರೈಡ್ ಖರ್ಚಾಗುವುದಿಲ್ಲ. ತೊಳೆದು ತೆಗೆಯುವವರೆಗೂ ಅಲ್ಲೇ ಇದ್ದು ಮತ್ತೆ ಮತ್ತೆ ಕೆಲಸ ಮಾಡುತ್ತದೆ.

ಕುಡುಗೋಲಿನ ಪರೀಕ್ಷೆ

ಬೋರ್ಡೋ ದ್ರಾವಣ ಮಾಡುವವರಿಗೆ ಇದು ಗೊತ್ತು. ಕುಡುಗೋಲನ್ನು ದ್ರಾವಣದಲ್ಲಿ ಅದ್ದಿದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಬಣ್ಣ ತಾಮ್ರದ್ದು. ತಾಮ್ರ ಕೂತಷ್ಟೂ ಅಲಗಿನ ಕಬ್ಬಿಣ ಕರಗಿದೆ. ಮೈಲುತುತ್ತದ ನೀರು ಚಕ್ರದ ಮೇಲೆ ಚೆಲ್ಲಿದಾಗಲೂ ಆಗುವುದು ಇದೇ. ಕೂತ ತಾಮ್ರದ ಸುತ್ತಲಿನ ಕಬ್ಬಿಣ ಮುಂದೆ ಇನ್ನೂ ಬೇಗ ಸವೆಯುತ್ತದೆ.

ನಂಬಿಕೆ ಮತ್ತು ವಾಸ್ತವ

ನಂಬಿಕೆ 1: ಮಳೆಯೇ ತೊಳೆಯುತ್ತದೆ.
ವಾಸ್ತವ: ಮಳೆ ತೊಳೆಯುವುದು ಹೊರಮೈಯನ್ನು ಮಾತ್ರ. ರಿಮ್‌ನ ಒಳಬದಿ, ನಟ್ಟಿನ ಹಿಂಭಾಗ, ಕೆಸರು ಮೆತ್ತಿದ ಸಂದಿಗಳಲ್ಲಿ ಉಪ್ಪು ಉಳಿದುಬಿಡುತ್ತದೆ.

ನಂಬಿಕೆ 2: ಹಳೆ ಇಂಜಿನ್ ಆಯಿಲ್ ಬಳಿದರೆ ಸಾಕು.
ವಾಸ್ತವ: ಉಪ್ಪಿನ ಮೇಲೆ ಬಳಿದ ಎಣ್ಣೆ ಉಪ್ಪನ್ನು ಒಳಗೇ ಹಿಡಿದಿಡುತ್ತದೆ. ಬಳಸಿದ ಆಯಿಲ್‌ನಲ್ಲಿ ಆಮ್ಲೀಯ ಅಂಶಗಳೂ ಇರುತ್ತವೆ. ಟಯರಿನ ರಬ್ಬರ್, ತೋಟದ ಮಣ್ಣು, ಬಳಿಯುವವರ ಚರ್ಮ ಯಾವುದಕ್ಕೂ ಅದು ಒಳ್ಳೆಯದಲ್ಲ.

ನಂಬಿಕೆ 3: ತುಕ್ಕಿನ ಮೇಲೆ ಪೇಂಟ್ ಹೊಡೆದರೆ ನಿಲ್ಲುತ್ತದೆ.
ವಾಸ್ತವ: ಪೇಂಟಿನ ಅಡಿಯಲ್ಲಿ ಉಪ್ಪು ಉಳಿದಿದ್ದರೆ ಅದು ನೀರನ್ನು ಎಳೆದುಕೊಳ್ಳುತ್ತದೆ. ಪೇಂಟ್ ಗುಳ್ಳೆಯೆದ್ದು ಸಿಪ್ಪೆಯಂತೆ ಕಳಚುತ್ತದೆ.

ಬಿಸಿ ಹಬ್, ತಣ್ಣನೆ ಹಳ್ಳ

ದೂರದಿಂದ ಬಂದ ದೋಣಿ ಟ್ರೇಲರನ್ನು ತಕ್ಷಣ ನೀರಿಗಿಳಿಸಬೇಡಿ ಎನ್ನುತ್ತಾರೆ. ಓಡಿ ಬಂದ ಚಕ್ರದ ಹಬ್ ಬಿಸಿಯಾಗಿರುತ್ತದೆ. ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲ್ ಮೂಲಕ ನೀರನ್ನು ಒಳಗೆಳೆಯುತ್ತದೆ. ಹೇರು ಹೊತ್ತ ಟ್ರೇಲರ್ ತೋಟದ ಹಳ್ಳ ದಾಟುವಾಗಲೂ ಹೀಗಾಗಬಹುದು. ಬೇರಿಂಗಿನ ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದು ತಿಳಿಯಿರಿ.

ಹಾಗಾದರೆ ಏನು ಮಾಡಬೇಕು?

- ಗೊಬ್ಬರ ಇಳಿಸಿದ ದಿನವೇ, ಒಣಗಿರುವಾಗ ಪೊರಕೆಯಿಂದ ಗುಡಿಸಿ. ಆಮೇಲೆ ಸಿಹಿನೀರಿನಿಂದ ತೊಳೆಯಿರಿ, ರಿಮ್‌ನ ಒಳಬದಿಯಿಂದ ಶುರುಮಾಡಿ. ತೊಳೆದ ನೀರು ಬಾವಿಗೆ, ಹಳ್ಳಕ್ಕೆ ಸೇರದಿರಲಿ.
- ಪ್ರೆಷರ್ ಪಂಪಿನ ನೀರನ್ನು ಆಯಿಲ್ ಸೀಲಿಗೆ ನೇರವಾಗಿ ಹಾಯಿಸಬೇಡಿ.
- ಹುಲ್ಲಿನ ಮೇಲೆ, ಗೊಬ್ಬರದ ಚೀಲಗಳ ಪಕ್ಕ ನಿಲ್ಲಿಸಬೇಡಿ. ಗಾಳಿಯಾಡುವ ಒಣ ಜಾಗ ಬೇಕು.
- ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು ಚಕ್ರ ಬಿಚ್ಚಿಸಿ. ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಹಚ್ಚಿದ ಮೇಲೆ ಪೇಂಟ್ ಮಾಡಿ. ನಟ್ಟು ಕೂರುವ ಜಾಗಕ್ಕೆ ಪೇಂಟ್ ಬೇಡ. ಪದರ ಒತ್ತಿಹೋದರೆ ನಟ್ಟು ಸಡಿಲವಾಗುತ್ತದೆ.
- ಹಬ್ಬಿಗೆ ನೀರು ತಡೆಯುವ ಗ್ರೀಸನ್ನೇ ಹಾಕಿಸಿ. ಹಳೆಯದನ್ನು ಪೂರ್ತಿ ತೆಗೆಯದೆ ಬೇರೆ ಬಗೆಯದನ್ನು ಬೆರೆಸಬೇಡಿ.
- ಚಕ್ರ ಕೂರಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಯಾವಾಗ ಚಕ್ರವನ್ನೇ ಬದಲಿಸಬೇಕು?

ಮೇಲ್ಮೈ ಕೆಂಪಾಗಿದ್ದರೆ ಗಾಬರಿ ಬೇಡ. ಆದರೆ ಬೋಲ್ಟ್ ತೂತಿನ ಸುತ್ತ ಬಿರುಕು, ರಿಮ್‌ನ ಅಂಚಿನಲ್ಲಿ ಆಳವಾದ ಕುಳಿ, ಪದರ ಪದರವಾಗಿ ಏಳುವ ತುಕ್ಕು ಕಂಡರೆ ಆ ಚಕ್ರವನ್ನು ಬಳಸಬೇಡಿ. ಪದೇ ಪದೇ ಟ್ಯೂಬ್ ಪಂಕ್ಚರ್ ಆಗುವುದೂ ಒಂದು ಸೂಚನೆ. ಒಳಗೆ ಎದ್ದ ತುಕ್ಕಿನ ಚಕ್ಕೆ ಟ್ಯೂಬನ್ನು ಕೊರೆಯುತ್ತಿರಬಹುದು. ಬಿರುಕಿಗೆ ವೆಲ್ಡಿಂಗ್ ಮಾಡಿಸುವುದು ಪರಿಹಾರವಲ್ಲ. ಅದರಲ್ಲೂ ಗಾಳಿ ತುಂಬಿದ ಟಯರ್ ಇರುವಾಗ ರಿಮ್‌ಗೆ ವೆಲ್ಡಿಂಗ್ ಮಾಡಿದರೆ ಟಯರ್ ಸಿಡಿದು ಪ್ರಾಣವೇ ಹೋಗಬಹುದು.

ಬಯಲಿನಲ್ಲಿ ಚಕ್ರ ಕಳಚಿದರೆ ಟ್ರೇಲರ್ ಪಕ್ಕಕ್ಕೆ ವಾಲಿ ನಿಲ್ಲಬಹುದು. ತೋಟದ ಇಳಿಜಾರಿನಲ್ಲಿ ಕಳಚಿದರೆ ಅದು ಟ್ರ್ಯಾಕ್ಟರನ್ನೂ ಎಳೆದುಕೊಂಡು ಉರುಳುತ್ತದೆ. ಕೆಳಗಿನ ಸಾಲಿನಲ್ಲಿ ಕೆಲಸ ಮಾಡುತ್ತಿರುವವರಿಗೆ ಓಡಲು ಸಮಯವೂ ಸಿಗುವುದಿಲ್ಲ. ಗೊಬ್ಬರ ಹೊತ್ತ ದಿನ ಅರ್ಧ ಗಂಟೆ ನೀರು ಹಾಯಿಸುವುದು ಅವರ ಸುರಕ್ಷತೆಗಾಗಿಯೂ ಹೌದು.