ಹೊರೆ ಕಡಿಮೆ ಇದ್ದರೆ ದಾರಿ ಹಗುರ

ಪರೀಕ್ಷೆ ಬರೆಯಲು ಪರಸ್ಥಳಕ್ಕೆ ಹೋದಾಗ ನಾನು ಎರಡು ಚೀಲ ತುಂಬಿದ್ದೆ. ಒಂದನ್ನು ಅಮ್ಮಿ ಹೊತ್ತರು. ಅದರೊಳಗಿನ ಪುಸ್ತಕಗಳನ್ನು ನಾನು ತೆರೆಯಲೇ ಇಲ್ಲ. ಚೀಲ ಭಾರವಾಗುವುದು ಬೇಕಾದ ಸಾಮಾನಿನಿಂದಲ್ಲ, ‘ಇರಲಿ, ಬೇಕಾದೀತು’ ಎಂದು ತುರುಕಿದ ಸಾಮಾನಿನಿಂದ.

ಹಜ್ ಯಾತ್ರಿಕರನ್ನು ನೋಡಿ. ಊರಿನಿಂದ ದೊಡ್ಡ ಸೂಟ್‌ಕೇಸ್ ಒಯ್ದಿದ್ದರೂ ಝುಲ್‌ಹಜ್ 8ರಂದು ಮಿನಾಕ್ಕೆ ಹೊರಡುವಾಗ ಅದನ್ನು ವಸತಿಯಲ್ಲೇ ಬಿಟ್ಟು ಸಣ್ಣ ಚೀಲ ಹಿಡಿಯುತ್ತಾರೆ. ಇಹ್ರಾಮ್‌ನಲ್ಲಿ ಗಂಡಸರ ಮೈಮೇಲೆ ಹೊಲಿಗೆಯಿಲ್ಲದ ಎರಡೇ ಬಟ್ಟೆ. 9ರಂದು ಅರಫಾತ್, ಆ ರಾತ್ರಿ ಮುಜ್ದಲಿಫಾದ ಬಯಲು. ಅಷ್ಟು ಜನರ ನಡುವೆ ಭಾರದ ಚೀಲವಿದ್ದರೆ ಹೊತ್ತವರಿಗೂ ಪಕ್ಕದವರಿಗೂ ಕಷ್ಟ. ಜಮರಾತ್‌ನಲ್ಲಿ ಎಸೆಯಲು ಬೇಕಾದ ಸಣ್ಣ ಕಲ್ಲುಗಳನ್ನೂ ಬಹುತೇಕರು ಮುಜ್ದಲಿಫಾದಲ್ಲೇ ಆರಿಸಿಕೊಳ್ಳುತ್ತಾರೆ. ದಾರಿಯಲ್ಲಿ ಸಿಗುವುದನ್ನು ಮನೆಯಿಂದ ಹೊರಬೇಕಿಲ್ಲ.

ನಮ್ಮ ಗದಗ ಸೀಮೆಯ ಬುತ್ತಿಯಲ್ಲೂ ಇದೇ ಜಾಣತನವಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನೀರಿನಂಶ ಕಡಿಮೆ. ಆದ್ದರಿಂದ ತೂಕವೂ ಕಡಿಮೆ, ಬೇಗ ಕೆಡುವುದೂ ಇಲ್ಲ.

ಈಗ ನಾನು ಹಿಂದಿನ ರಾತ್ರಿಯೇ ಎಲ್ಲವನ್ನೂ ಚಾಪೆಯ ಮೇಲೆ ಹರಡುತ್ತೇನೆ. ಹಾಲ್ ಟಿಕೆಟ್, ಗುರುತಿನ ಚೀಟಿ, ಔಷಧಿ ಮೊದಲು. ಎರಡು ದಿನದ ಪ್ರಯಾಣಕ್ಕೆ ತೊಟ್ಟ ಬಟ್ಟೆಯಲ್ಲದೆ ಇನ್ನೊಂದು ಜೊತೆ ಸಾಕು. ದಪ್ಪ ಟವೆಲ್ ಬದಲು ತೆಳು ಪಂಚೆ. ಒರೆಸಿಕೊಳ್ಳಲೂ ಬರುತ್ತದೆ, ನಮಾಜಿಗೆ ಹಾಸಲೂ ಬರುತ್ತದೆ. ಪುಸ್ತಕದ ಬದಲು ಒಂದೇ ನೋಟ್ಸ್. ಕೊನೆಗೆ ಚೀಲ ಹೆಗಲಿಗೇರಿಸಿ ಓಣಿಯ ತುದಿಯವರೆಗೆ ನಡೆದು ನೋಡುತ್ತೇನೆ. ಹೆಗಲು ನೊಂದರೆ ಒಂದು ಸಾಮಾನು ಹೊರಗೆ.

ನನ್ನ ಚೀಲ ನಾನೇ ಹೊರುವಂತಿರಬೇಕು. ಅಮ್ಮಿಯ ಕೈ ಖಾಲಿ ಇರಲಿ.